ಪುಟ್ಟ ಕುರ್ಚಿಗಳ ಮೀಟಿಂಗು

ಲೇಡೀಸ್ ಹಾಸ್ಟೆಲ್, ಮೂರನೇ ಮಹಡಿ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಅಪ್ಪ,

ದಿನಾ ಫೋನ್ ಮಾಡುವವಳು ಕಾಗದ ಬರೆದಿದ್ದಾಳೆ ಅಂತ ಗಾಬರಿಯಾಗಬೇಡ, ಸಾರಿ. ನನಗೇನೂ ಆಗಿಲ್ಲ. ಫೋನಿನಲ್ಲಿ ನೀನು "ಊಟ ಆಯ್ತಾ? ಸರಿ, ಅಮ್ಮಂಗೆ ಕೊಡ್ತೀನಿ" ಅಂದುಬಿಡುತ್ತೀಯ. ನಾನೂ "ಹೂಂ" ಅಂದುಬಿಡುತ್ತೇನೆ. ಹಾಸ್ಟೆಲ್ ಸ್ಕೂಲಿನವಳ ಕನ್ನಡ ಇದು, ತಪ್ಪಿದ್ದಲ್ಲಿ ನೀನೇ ಅಡ್ಜಸ್ಟ್ ಮಾಡಿಕೋ.

ಇಲ್ಲಿನ ಲಿಫ್ಟ್ ಎರಡನೇ ಮಹಡಿ ದಾಟುವಾಗ ನರಳುತ್ತದೆ. ನೀನಿದ್ದಿದ್ದರೆ ಬಾಗಿಲಿಗೆ ಕಿವಿಯಿಟ್ಟು "ಬೇರಿಂಗ್ ಗೊಣಗ್ತಿದೆ" ಅನ್ನುತ್ತಿದ್ದೆ. ನಾನು ಲಿಫ್ಟ್ ಮೆಕ್ಯಾನಿಕ್ಕಿನ ಮಗಳು ಅಂತ ಯಾರಿಗೂ ಹೇಳಿಲ್ಲ. ಯಾರೂ ಕೇಳಿಯೂ ಇಲ್ಲ. ರೂಮ್‌ಮೇಟ್ ಇಯರ್‌ಫೋನ್ ಹಾಕಿಕೊಂಡೇ ಹುಟ್ಟಿದವಳ ಹಾಗಿದ್ದಾಳೆ. ಅಟೆಂಡೆನ್ಸಿಗೆ "ಪ್ರೆಸೆಂಟ್" ಅನ್ನುವುದು ಬಿಟ್ಟರೆ ಕೆಲವು ದಿನ ಇಡೀ ಕ್ಯಾಂಪಸ್ಸಿನಲ್ಲಿ ನಾನು ಬೇರೆ ಮಾತೇ ಆಡಿರುವುದಿಲ್ಲ. ಆ ಒಂದು ಪದವನ್ನೂ ಮನಸ್ಸಿನಲ್ಲಿ ಪ್ರಾಕ್ಟೀಸ್ ಮಾಡಿಕೊಂಡಿರುತ್ತೇನೆ.

ವಿಷಯಕ್ಕೆ ಬರುತ್ತೇನೆ. ಬಸ್ ಸ್ಟಾಪಿನ ಹಿಂದೆ ಒಂದು ನರ್ಸರಿ ಸ್ಕೂಲಿದೆ. ಶನಿವಾರ ಸಂಜೆ ಅದರ ಗೇಟಿಗೆ ಕುಡಿತ ಬಿಟ್ಟವರ ಮೀಟಿಂಗಿನ ಬೋರ್ಡು ತಗುಲಿಸುತ್ತಾರೆ, ನೀನು ಮಂಗಳವಾರ ಹೋಗುವಂಥದ್ದೇ. ಅದನ್ನು ನೋಡಿ ನಮ್ಮ ಮನೆಯ ಬಾಗಿಲು ಕಂಡಷ್ಟು ಖುಷಿಯಾಯಿತು. ಯಾರು ಬೇಕಾದರೂ ಬರಬಹುದು ಎಂದು ಬರೆದಿತ್ತು, ಹೋದೆ. ಇದ್ದದ್ದೆಲ್ಲ ಮಕ್ಕಳ ಕುರ್ಚಿ. ದೊಡ್ಡ ದೊಡ್ಡ ಗಂಡಸರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದರು. ಒಬ್ಬ ಬಸ್ ಡ್ರೈವರ್ ಎದ್ದು ನಿಂತರೆ ಕುರ್ಚಿಯೂ ಅವರ ಜೊತೆಗೇ ಎದ್ದಿತು.

ಒಬ್ಬೊಬ್ಬರಾಗಿ "ನಾನೊಬ್ಬ ಕುಡುಕ" ಎನ್ನುತ್ತಾ ಬಂದರು. ನನ್ನ ಸರದಿ ಬಂತು. ಸುಮ್ಮನೆ ಕೇಳಲು ಬಂದೆ ಅನ್ನಬಹುದಿತ್ತು. ಬಾಯಿಂದ "ನಾನೂ ಅದೇ" ಅಂತ ಬಂದುಬಿಟ್ಟಿತು. ಒಂದು ತೊಟ್ಟೂ ಮುಟ್ಟಿದವಳಲ್ಲ ಅಪ್ಪ. ಎಲ್ಲರೂ ಒಟ್ಟಿಗೆ "ಬಾರಮ್ಮ, ಬಂದಿದ್ದು ಒಳ್ಳೇದಾಯ್ತು" ಅಂದರು. ಈ ಊರಿನಲ್ಲಿ ಹಾಗೆ ಯಾರೂ ಅಂದಿರಲಿಲ್ಲ. ತಿದ್ದಲು ಮನಸ್ಸಾಗಲಿಲ್ಲ.

ಅಲ್ಲಿನ ಟೈಲರ್ ಆಂಟಿ ನನ್ನ ಜವಾಬ್ದಾರಿ ವಹಿಸಿಕೊಂಡರು. ದಿನಾ ಸಂಜೆ ಅವರ ಫೋನು.

"ಇವತ್ತು ಕುಡೀಬೇಕು ಅನ್ನಿಸ್ತಾ?"

"ಇಲ್ಲ ಆಂಟಿ."

"ಸುಳ್ಳು ಬಿಡ್ಬೇಡ. ಅನ್ಸೇ ಅನ್ಸುತ್ತೆ."

"ಸ್ವಲ್ಪ ಅನ್ನಿಸ್ತು."

"ಹಾಂ, ಹಾಗೆ ಬಾ ದಾರಿಗೆ. ಶಭಾಷ್."

ನಿಜ ಹೇಳಿದರೆ ಬೈಗುಳ, ಸುಳ್ಳು ಹೇಳಿದರೆ ಶಭಾಷ್. ನಿನ್ನೆ ಇಬ್ಬರೂ ಕುರ್ಚಿ ಜೋಡಿಸುತ್ತಿದ್ದಾಗ ಇದ್ದದ್ದನ್ನು ಹೇಳಿಬಿಟ್ಟೆ.

"ಅಯ್ಯೋ ಪಾಪಿ, ದಿನಾ ಮೆಷಿನ್ ನಿಲ್ಸಿ ಫೋನ್ ಮಾಡ್ತಿದ್ನಲ್ಲೇ" ಅಂತ ಚೆನ್ನಾಗಿ ಬೈದರು. ಆಮೇಲೆ, "ಮತ್ತೆ ಯಾಕೆ ಬರ್ತಿದ್ದೆ?" ಅಂದರು.

"ನಮ್ಮಪ್ಪನೂ ಇಂಥ ಮೀಟಿಂಗಿಗೆ ಹೋಗ್ತಾರೆ. ಅಲ್ಲಿ ಮಾತಾಡ್ತಾರಂತೆ. ಮನೇಲಿ ಆಡಲ್ಲ. ಏನು ಮಾತಾಡ್ತಾರೋ ಕೇಳೋಣ ಅಂತ."

"ನಿಮ್ಮಪ್ಪ ಒಂಬತ್ತನೇ ಹೆಜ್ಜೆ ಮುಗ್ಸಿದ್ದಾರಾ?" ಎಂದು ಆಂಟಿ ಕೇಳಿದರು. ನಿಮ್ಮ ಹನ್ನೆರಡು ಹೆಜ್ಜೆಗಳಲ್ಲಿ, ನೋಯಿಸಿದವರ ಮುಂದೆ ಹೋಗಿ ನಿಂತು ತಪ್ಪು ಒಪ್ಪಿಕೊಳ್ಳುವ ಹೆಜ್ಜೆ. ಮುಗಿಸಿದ್ದಾರೆ ಅಂದೆ. ಮದುವೆ ಮಂಟಪದಲ್ಲಿ ಬಿದ್ದದ್ದಕ್ಕೆ ಚಿಕ್ಕಪ್ಪನ ಮುಂದೆ, ಬಾಗಿಲು ಒದ್ದದ್ದಕ್ಕೆ ಮೇಲಿನ ಮನೆಯವರ ಮುಂದೆ. ಅಮ್ಮನಿಗೆ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನಲ್ಲಿ.

"ನಿನ್ನ ಹತ್ರ?" ಅಂದರು.

ನಾನು ಕುರ್ಚಿ ಜೋಡಿಸಿದೆ.

"ನಾನೂ ಎಲ್ರ ಮನೆಗೂ ಹೋಗಿ ಬಂದೆ ಕಣೇ. ಮಗನ ಹತ್ರ ಮಾತ್ರ ಇನ್ನೂ ಹೋಗಿಲ್ಲ. ಬೇರೆಯವ್ರು 'ಇರ್ಲಿ ಬಿಡಿ' ಅಂತಾರೆ. ಅವ್ನು ಹಾಗನ್ನದೇ ಇದ್ರೆ ಎಲ್ಲಿಗ್ ಹೋಗ್ಲಿ ನಾನು?"

ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಎನ್ನುವ ನಿಯಮ ನಿನಗೆ ಗೊತ್ತೇ ಇದೆ. ಆಂಟಿಯನ್ನು ಕೇಳಿಯೇ ಬರೆದಿದ್ದೇನೆ. "ಬರಿ, ಅಷ್ಟರಲ್ಲಿ ನಂಗೂ ಧೈರ್ಯ ಬಂದ್ರೆ ಬರ್ಲಿ" ಅಂದರು.

ಇದನ್ನು ಓದಿ ಬೇಜಾರಾದರೂ ಮಂಗಳವಾರದ ಮೀಟಿಂಗ್ ತಪ್ಪಿಸಬೇಡ, ಪ್ಲೀಸ್. ಆ ಒಂದು ಭಯಕ್ಕೇ ಈ ಕಾಗದವನ್ನು ಎರಡು ಸಲ ಹರಿದು ಹಾಕಿದ್ದೆ. ಅಮ್ಮನಿಗೆ ನನ್ನ ನಮಸ್ಕಾರ. ಚಿಕ್ಕವಳು ಹರಸಬಾರದೇನೋ, ಆದರೂ ನೀನು ಹೀಗೇ ಚೆನ್ನಾಗಿರು.

ನಿನ್ನ
ಮೊಂಡಿ

ತಾ.ಕ.: ನಾನು ಐದನೇ ಕ್ಲಾಸಿನಲ್ಲಿದ್ದಾಗ ನೀನು ಕುಡಿದು ಬಂದು ಸ್ಕೂಲ್ ಹಾಸ್ಟೆಲಿನ ಗೇಟಿನಲ್ಲಿ ವಾಚ್‌ಮನ್ ತಾತನನ್ನು ತಳ್ಳಿದ್ದೆಯಲ್ಲ, ಹೋದ ವರ್ಷ, ನಾನಿನ್ನೂ ಅಲ್ಲೇ ಇದ್ದಾಗ, ತಪ್ಪು ಒಪ್ಪಿಕೊಳ್ಳಲು ಅವರ ಹತ್ತಿರವೂ ಬಂದಿದ್ದೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ಕಿಟಕಿಯಿಂದ ನೋಡಿದೆ. ಅವರ ಎರಡೂ ಕೈ ಹಿಡಿದುಕೊಂಡು ನಿಂತಿದ್ದೆ, ತಾತ ನಿನ್ನ ಬೆನ್ನು ತಟ್ಟುತ್ತಿದ್ದರು. ನಾನು ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಕೂತೆ, ಈಗ ಕೆಳಗಿನಿಂದ ಕರೆಯುತ್ತಾರೆ ಅಂತ. ಆಮೇಲೆ ಗೇಟು ಹಾಕಿದ ಸದ್ದು ಕೇಳಿತು.

ನೀನು ಬಂದರೆ ನಾನು "ಇರಲಿ ಬಿಡು" ಅನ್ನುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೂ ಬಾ. ಯಾವಾಗ ಬರುತ್ತೀಯ ಅಂತ ಬೇಗ ಬರೆ.