ಹನ್ನೊಂದು ಎಣಿಸುವಷ್ಟು ಹೊತ್ತು

ಜನವರಿ 6, ಬೆಳಿಗ್ಗೆ 10

ಆರು ಶರ್ಟಿಗೆ ಗುಂಡಿ ಹಚ್ಚಿ ಮುಗಿಸಿದೆ. ಗುಬ್ಬಿ ಫೋನು ಹಿಡಿದುಕೊಂಡು ಅಂಗಡಿಗೆ ಬಂದಳು. ಮಗಳ ಮಗಳು. ಸ್ಪೀಚ್ ಥೆರಪಿ ಓದುತ್ತಿದ್ದಾಳೆ, ಕಡೆಯ ವರ್ಷ. ಪುಸ್ತಕ ಕಮ್ಮಿ, ಆಪ್ ಜಾಸ್ತಿ. ಒಂದರಲ್ಲಿ ಗಂಟಲನ್ನು ಸೀಳಿಟ್ಟ ಹಾಗೆ ತೋರಿಸುತ್ತದೆ. ಬೆರಳಲ್ಲಿ ತಿರುಗಿಸಿದರೆ ನಾಲಗೆಯ ಬುಡವೂ ಕಾಣುತ್ತದೆ. ನಿನ್ನೆ ಊಟಕ್ಕೆ ಕೂತಾಗ ಅದನ್ನು ಮುಖಕ್ಕೆ ಹಿಡಿದಳು. ಬೈದೆ.

ನನ್ನ ತಮ್ಮ ಎಂದಿನಂತೆ ಮೇಜಿನ ಹಿಂದೆ, ಕುರ್ಚಿಯಲ್ಲಿ. ಸ್ಟ್ರೋಕ್ ಆಗಿ ಒಂಬತ್ತು ತಿಂಗಳು. ಬಲಗೈ ಸೋತಿದೆ, ಮಾತು ನಿಂತಿದೆ. ನಲವತ್ತು ವರ್ಷ ಅವನು ಅಳತೆ ಕೂಗಿ ಕತ್ತರಿಸಿದ, ನಾನು ಬರೆದುಕೊಂಡು ಹೊಲಿದೆ. ಈಗ ಎಲ್ಲವೂ ನಾನೇ.

ಮಾರ್ಚ್ 14ಕ್ಕೆ ಗುಬ್ಬಿಯ ಪ್ರಾಕ್ಟಿಕಲ್ ಪರೀಕ್ಷೆ. ಅವಳ ಕೇಸು ತಮ್ಮನೇ. ಅಲ್ಲಿ ಇವನು ಬಾಯಿ ಬಿಡದಿದ್ದರೆ ಅವಳಿಗೆ ಇನ್ನೂ ಆರು ತಿಂಗಳು ಅದೇ ಕ್ಲಾಸು.

ಜನವರಿ 9

ಹೊಸ ಆಪ್. ಚಿತ್ರ ಒತ್ತಿದರೆ ಒಳಗಿನಿಂದ ಒಬ್ಬಳು ಹೆಸರು ಹೇಳುತ್ತಾಳೆ. ಸೇಬು, ಛತ್ರಿ, ನೀರು.

"ಚಿಕ್ಕಜ್ಜ, ಏನು ಬೇಕು?" ಗುಬ್ಬಿ ಕೇಳಿದಳು.

"ನೀರು" ಎಂದೆ. ಚಿತ್ರವನ್ನೂ ಒತ್ತಿದೆ.

"ಅಜ್ಜಿ, ಕೇಳಿದ್ದು ಅವರನ್ನ."

"ಅವನಿಗೇನು ಬೇಕು ಅಂತ ನನಗೆ ಗೊತ್ತಿಲ್ವೇನೇ? ಹುಟ್ಟಿದಾಗಿಂದ ನೋಡ್ತಿದೀನಿ."

ನೀರು ಕೊಟ್ಟೆ. ತಮ್ಮ ಕುಡಿಯಲಿಲ್ಲ. ಲೋಟ ಪಕ್ಕಕ್ಕಿಟ್ಟ.

ಜನವರಿ 12, ಸಂಜೆ

ಇನ್ನೊಂದು ಆಪ್. ಯಾರು ಎಷ್ಟು ಹೊತ್ತು ಮಾತಾಡಿದರು ಎಂದು ಬಣ್ಣದ ಗೆರೆ ಎಳೆಯುತ್ತದೆ. ಗುಬ್ಬಿಗೆ ಹಳದಿ, ನನಗೆ ನೀಲಿ, ತಮ್ಮನಿಗೆ ಕೆಂಪು. ಹತ್ತು ನಿಮಿಷ ಕೂತೆವು. ಆಮೇಲೆ ತೋರಿಸಿದಳು. ಉದ್ದಕ್ಕೂ ನೀಲಿ, ನಡುನಡುವೆ ಚೂರು ಹಳದಿ. ಕೆಂಪು ಇಲ್ಲವೇ ಇಲ್ಲ.

"ನೀನು ಎರಡು ಸೆಕೆಂಡೂ ಕಾಯಲ್ಲ. ಅವರಿಗೆ ಮಾತಾಡೋಕೆ ಸಂದೀನೇ ಬಿಟ್ಟಿಲ್ಲ ಅಜ್ಜಿ."

"ಕಾಲೇಜು ಓದದವಳು ನಾನೇ ಸಿಕ್ಕಿದ್ದಾ ನಿನಗೆ, ತಪ್ಪು ಹೊರಿಸೋಕೆ? ತಗೊಂಡು ಹೋಗು ನಿನ್ನ ಗೆರೆ."

ಹೋದಳು. ತಮ್ಮ ನನ್ನನ್ನು ನೋಡಲಿಲ್ಲ...

ಜನವರಿ 19

ಏಳು ದಿನ ಬರೆಯಲಿಲ್ಲ. ಸಿಟ್ಟು. ಮೊದಲು ಗುಬ್ಬಿಯ ಮೇಲೆ, ಆಮೇಲೆ ಫೋನಿನ ಮೇಲೆ. ಈಗ ಯಾರ ಮೇಲೆ ಎಂದು ಬರೆಯುವುದಿಲ್ಲ.

ಗುಬ್ಬಿಗೆ ನಾನೇ ಫೋನು ಮಾಡಿದೆ. ಹೇಳಿದಳು — ತಮ್ಮನನ್ನು ಏನಾದರೂ ಕೇಳು, ಮನಸ್ಸಿನಲ್ಲೇ ಹನ್ನೊಂದು ಎಣಿಸು, ಬಾಯಿ ತೆರೆಯಬೇಡ. ಹನ್ನೊಂದು ಅಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಏಳಕ್ಕೆ ಅವನ ತುಟಿ ಅಲುಗಿತು. ಎಂಟಕ್ಕೆ ನಾನು ಮಾತಾಡಿಬಿಟ್ಟೆ.

ಥೂ, ನನ್ನ ಬಾಯಿಗಿಷ್ಟು ಮಣ್ಣು.

ಫೆಬ್ರವರಿ 2, ರಾತ್ರಿ

ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬ ಶರ್ಟು ಹೊಲಿಸಲು ಬಂದ. ನಾನು ಪುಸ್ತಕ, ಪೆನ್ಸಿಲ್ ತೆಗೆದುಕೊಂಡು ಟೇಪನ್ನು ತಮ್ಮನತ್ತ ಚಾಚಿದೆ. ಬೇಕೆಂದು ಮಾಡಿದ್ದಲ್ಲ. ನಲವತ್ತು ವರ್ಷದ ಕೈ, ತಾನಾಗಿ ಚಾಚಿತು. ತಮ್ಮ ಅದನ್ನು ಎಡಗೈಯಲ್ಲಿ ಹಿಡಿದ. ಕಂಡಕ್ಟರ್ ಒಳ್ಳೆಯವನು, ಒಂದು ತುದಿ ತಾನೇ ಒತ್ತಿಕೊಂಡು ನಿಂತ. ನಾನು ಪೆನ್ಸಿಲ್ ಕಚ್ಚಿದೆ. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು.

"ಎದೆ... ನಲವತ್ತೆರಡು."

ದನಿ ಒಡೆದಿತ್ತು. ಆದರೆ ಅವನದೇ.

"ಬರ್ಕೊಳ್ರೀ" ಎಂದ ಕಂಡಕ್ಟರ್. ಬರೆದುಕೊಂಡೆ. ಭುಜ ಬಂತು, ತೋಳು ಬಂತು. ಕಾಲರ್ ಬರಲಿಲ್ಲ, ಹೋಗಲಿ.

ಸಂಜೆ ಗುಬ್ಬಿ ಓಡಿ ಬಂದಳು. ಟ್ರಿಪ್ ಮುಗಿಸಿ ಬಂದ ಕಂಡಕ್ಟರನನ್ನೇ ಇನ್ನೊಂದು ಸಲ ಅಳೆಯಿಸಿ ಗೆರೆ ತೋರಿಸಿದಳು. ಮೂರು ತುಂಡು ಕೆಂಪು. ಸೇಬು, ಛತ್ರಿ ಎಲ್ಲ ಅಳಿಸಿ ಚಿತ್ರದ ಆಪಿಗೆ ನಮ್ಮ ಕತ್ತರಿ, ಇಸ್ತ್ರಿಪೆಟ್ಟಿಗೆ, ನೂಲು ಸುತ್ತುವ ಬಾಬಿನ್, ಕಂಡಕ್ಟರನ ಫೋಟೊ ಹಾಕಿದಳು. ನಮ್ಮ ಗುಬ್ಬಿ ಮೂರಡಿ ಹುಡುಗಿ, ತಲೆ ಮಾತ್ರ ಚುರುಕು.

ಮಾರ್ಚ್ 1

ದಿನಕ್ಕೆ ಎರಡು ಹೊತ್ತು ಅಭ್ಯಾಸ. ಕತ್ತರಿ ಬಂತು, ನೂಲು ಬಂತು. ನಿನ್ನೆ ಇಸ್ತ್ರಿಪೆಟ್ಟಿಗೆಗೆ "ಬಿಸಿ" ಎಂದ. ಗುಬ್ಬಿ ಅದಕ್ಕೂ ಕುಣಿದಳು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂರುತ್ತೇನೆ. ಆಗ ಮಾತಾಡುವ ಹಾಗಿಲ್ಲ.

ಮಾರ್ಚ್ 14, ಸಂಜೆ 5

ಪರೀಕ್ಷೆ ಆಯಿತು.

ಸಣ್ಣ ಕೋಣೆ, ಒಂದು ಮೇಜು. ಪರೀಕ್ಷಕ ಸಾಹೇಬರು ಕೋಟು ಹಾಕಿದ್ದರು. ಗುಬ್ಬಿಯ ಕುತ್ತಿಗೆ ಬೆವತಿತ್ತು. ಟೇಪು ಕೊಟ್ಟಳು. ತಮ್ಮ ಅದನ್ನು ಹಿಡಿದು ಸಾಹೇಬರ ತೋಳನ್ನೇ ಅಳೆದ. "ತೋಳು... ಇಪ್ಪತ್ತನಾಲ್ಕು."

ಸಾಹೇಬರು ತಲೆಯಾಡಿಸಿದರು. "ಇದು ರೂಢಿಯಿಂದ ಬರೋ ಮಾತಮ್ಮ. ಬಾಯಿಪಾಠ. ಸ್ವಂತ ಮಾತು ಎಲ್ಲಿ?"

ಗುಬ್ಬಿಯ ಮುಖ ಬಿಳುಪಾಯಿತು. ಆದರೂ ದನಿ ಏರಿಸಲಿಲ್ಲ. "ನೀವೇ ಏನಾದ್ರೂ ಕೇಳಿ ಸರ್. ಕೇಳಿ, ಕಾಯಿರಿ."

"ಯಜಮಾನರೇ, ನನ್ನ ಕೋಟು ಹೇಗಿದೆ?"

ಹನ್ನೊಂದು ಆಯಿತು. ಹದಿನೈದು. ಸಾಹೇಬರು ನನ್ನತ್ತ ತಿರುಗಿದರು. "ನೀವು ಹೇಳ್ತೀರಾ?" ಉತ್ತರ ನಾಲಗೆಯ ತುದಿಗೆ ಬಂದಿತ್ತು. ಕೋಟು ನೋಡಿದ ಕೂಡಲೇ ಬಂದಿತ್ತು. ಇಲ್ಲವೆಂದು ತಲೆಯಾಡಿಸಿದೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಹತ್ತೊಂಬತ್ತು. ಇಪ್ಪತ್ತು.

"ಎಡಗೈ..." ಎಂದ ತಮ್ಮ. ನಿಂತ. ಉಸಿರು ಎಳೆದ. "ಎಡಗೈ ಉದ್ದ. ಯಾರು... ಹೊಲಿದ್ರು?"

ಸಾಹೇಬರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಕೋಟಿನ ಎಡತೋಳು ಅರ್ಧ ಇಂಚು ಉದ್ದವೇ ಇತ್ತು. ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. "ಮೂರು ವರ್ಷದಿಂದ ಹಾಕ್ತಿದೀನಿ, ಮನೇಲೂ ಯಾರೂ ಹೇಳಿಲ್ಲ."

"ಕ್ಲಾಸಲ್ಲೇ ಮೊದಲು" ಎಂದು ಈಗ ತಾನೇ ಗುಬ್ಬಿಯ ಫೋನು ಬಂತು. ಆಮೇಲೆ ಅತ್ತಳು. ಅಳುವುದಕ್ಕೇನಿದೆ ಎಂದು ಗದರಿದೆ. ಫೋನಿಟ್ಟು ನಾನೂ ಕಣ್ಣು ಒರೆಸಿಕೊಂಡೆ. ಧೂಳು.

ಮಾರ್ಚ್ 23, ಬೆಳಿಗ್ಗೆ

ಸಾಹೇಬರ ಕೋಟು ರಿಪೇರಿಗೆ ಬಂದಿದೆ. ಎಡತೋಳು ಬಿಚ್ಚಿ ಮೇಲಿನಿಂದ, ಭುಜದ ಹತ್ತಿರ, ಕತ್ತರಿಸಿ ಕೂಡಿಸಬೇಕು ಎಂದೆ. ತಮ್ಮ ನನ್ನ ಕೈಯಿಂದ ಕೋಟು ಕಿತ್ತುಕೊಂಡ. ಕಾದೆ.

"ತಪ್ಪು" ಎಂದ. "ಕೆಳಗಿಂದ."

ನನಗೇ ತಪ್ಪು ಅನ್ನುತ್ತಾನೆ. ಹನ್ನೊಂದು ತಿಂಗಳ ಮೇಲೆ ಮೊದಲ ಜಗಳ. ಕೆಳಗಿನಿಂದ ಕತ್ತರಿಸಿದರೆ ತೋಳ ತುದಿಯ ಕಫ್ ಗುಂಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೇನೆ. ಅವನ ತುಟಿ ಅಲುಗುತ್ತಿದೆ. ಒಂಬತ್ತು... ಹತ್ತು... ಏನೋ ಹೇಳಿದ. ಅಯ್ಯೋ, ನನಗೆ ಮುದಿಗೂಬೆ ಅಂದನೇ ಇವನು? ಇರು, ಬರೆಯುವುದು ಆಮೇಲೆ, ಇವನಿಗೆ ಇವತ್ತು —