ಬಾಸ್ಟನ್ನಿನವರು ಕೊಂಡ ಷೇರು, ನಾನು ಹಾಕದ ಸಹಿ

ಒಡೆಸ್ಸಾ, ಟೆಕ್ಸಸ್
೧೯ ಮೇ ೨೦೧೬, ಗುರುವಾರ

ನನ್ನ ಮುದ್ದು ಡಾರೆಲ್,

ಸಮುದ್ರದ ನಡುವೆ ತೈಲ ತೆಗೆಯುವ ಆ ಕಬ್ಬಿಣದ ಅಟ್ಟದ ಮೇಲೆ ಹೇಗಿದ್ದೀಯಪ್ಪಾ? ಬೆನ್ನುನೋವು ಇಳಿಯಿತೇ? ಅಡುಗೆಯವನು ಈಗಲಾದರೂ ಬೀನ್ಸಿಗೆ ಉಪ್ಪು ಹಾಕುತ್ತಾನೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಊರ ನಾಟಕ ಮಂಡಳಿಯಲ್ಲಿ ರಾಣಿಯಾಗಿ ಗುಡುಗಿದ ಗಂಟಲು ಇನ್ನೂ ಸವೆದಿಲ್ಲ. ಈ ವಾರ ಅದಕ್ಕೆ ಅಡುಗೆಮನೆಯಲ್ಲೇ ಕೆಲಸ ಬಿತ್ತು.

ಕೇಳು! ಮಂಗಳವಾರ ನಿಮ್ಮಪ್ಪ ಡೋನಟ್ ಅಂಗಡಿಯಿಂದ ಯುದ್ಧ ಗೆದ್ದ ಅರಸನಂತೆ ಒಳಬಂದರು. ಅಲ್ಲಿ ಕೂರುವ ಮುದುಕರ ದಂಡು, ಹಾಯ್ಟ್ ಅದರ ಸೇನಾಪತಿ, ಯಾವ ಹೂಡಿಕೆ ಫಂಡು ಏನು ಕೊಂಡಿತು, ಯಾವುದು ಮಾರಿತು ಎಂದು ಫೋನಿನಲ್ಲಿ ಕಾವಲು ಕಾಯುವುದು ನಿನಗೆ ಗೊತ್ತೇ ಇದೆ. ನಿಮ್ಮಪ್ಪ ಜೀವಮಾನವಿಡೀ ಪಂಪ್ ಟ್ರಕ್ ಓಡಿಸಿದ ತೈಲಬಾವಿ ಸೇವೆಯ ಕಂಪನಿಯಲ್ಲಿ ಬಾಸ್ಟನ್ನಿನ ದೊಡ್ಡ ಫಂಡೊಂದು ಇಪ್ಪತ್ತು ಲಕ್ಷ ಷೇರು ಕೊಂಡಿದೆಯಂತೆ! "ಲೇ ಆರ್ಲೀನ್, ಆನೆ ನಡೆದದ್ದೇ ದಾರಿ ಕಣೇ! ಮನೆ ಅಡವಿಟ್ಟು ನಾವೂ ಇನ್ನಷ್ಟು ಕೊಳ್ಳೋಣ" ಅಂದರು. ನಿವೃತ್ತಿಯ ಉಳಿತಾಯವೆಲ್ಲ ಆಗಲೇ ಅದೇ ಷೇರಿನಲ್ಲಿದೆ. ಹೊರಗುಳಿದದ್ದು ಈ ಸೂರೊಂದೇ.

ನಾನು ಕನ್ನಡಕ ಏರಿಸಿ ಫೋನು ಕಸಿದುಕೊಂಡೆ. ಮಗನೇ, ಅದರಲ್ಲಿದ್ದದ್ದು ಫಂಡುಗಳು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಒಪ್ಪಿಸುವ ವಿವರ. ಮಾರ್ಚ್ ಕೊನೆಗೆ ಅವರ ಕೈಯಲ್ಲಿದ್ದದ್ದು ನಮ್ಮ ಕಣ್ಣಿಗೆ ಬೀಳುವುದು ಮೇ ನಡುವಿನಲ್ಲಿ. "ರೀ, ಆ ಆನೆ ಈ ದಾರೀಲಿ ನಿಂತಿದ್ದು ಒಂದೂವರೆ ತಿಂಗಳ ಹಿಂದೆ. ಇವತ್ತು ಎಲ್ಲಿದೆ ಅಂತ ಹಾಯ್ಟ್‌ಗೆ ಗೊತ್ತಾ? ಲದ್ದಿ ನೋಡಿ ಅಂಬಾರಿ ಕಟ್ಟೋಕೆ ಹೊರಟಿದ್ದೀರಲ್ಲ!" ಅಂದೆ. "ಬಾಸ್ಟನ್ನಿನವರಿಗಿಂತ ನೀನು ಜಾಣೆಯೇನೇ?" ಅಂದರು. "ಅವರು ಸೋತರೆ ಇನ್ನೊಂದು ಕಂಪನಿ ಕೊಳ್ತಾರೆ. ನಾವು ಸೋತರೆ ಮಲಗೋದೆಲ್ಲಿ, ನಿಮ್ಮ ಪಿಕಪ್ ಹಿಂದೆನಾ?" ಅಂದೆ.

ಈ ರಾಜ್ಯದಲ್ಲಿ ವಾಸದ ಮನೆಯ ಮೇಲೆ ಇಂಥ ಸಾಲವೆತ್ತಲು ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಆ ಕಾನೂನು ಬರೆದವರ ಹೊಟ್ಟೆ ತಣ್ಣಗಿರಲಿ! ಇವತ್ತು ಬ್ಯಾಂಕಿನಲ್ಲಿ ನಿಮ್ಮಪ್ಪ ಸಾಲದ ಅರ್ಜಿಗೆ ಸಹಿ ಹಾಕಿ ನನ್ನತ್ತ ತಳ್ಳಿದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. "ಹಾಕಲ್ಲ!" ಅಂದದ್ದು ಎದುರುಗಡೆಯ ಟೈರ್ ಅಂಗಡಿಗೂ ಕೇಳಿಸಿರಬೇಕು. ನಾಳೆ ಆ ಷೇರು ಚಂದ್ರನಿಗೆ ಏಣಿ ಹಾಕಿದರೂ ನಾನು ಕದಲುವವಳಲ್ಲ.

ಅವರ ಮೇಲೆ ಕೋಪವಿಲ್ಲ ಕಣಪ್ಪಾ. ತೈಲದ ಬೆಲೆ ಬಿದ್ದ ಮೇಲೆ ಕಂಪನಿಯ ಯಾರ್ಡಿನಲ್ಲಿ ಕೆಲಸವಿಲ್ಲದೆ ಸಾಲಾಗಿ ನಿಂತ ಟ್ರಕ್ಕುಗಳನ್ನು ದಿನಾ ದಾಟಿ ಬರುವ ಮನುಷ್ಯ. ತಾನು ದುಡಿದ ಜಾಗಕ್ಕೆ ಇನ್ನೂ ಬೆಲೆಯಿದೆ ಎಂದು ದೊಡ್ಡವರು ಯಾರೋ ಹೇಳಿದ ಹಾಗಾಯಿತು, ಕುಣಿದುಬಿಟ್ಟರು.

ಅಲೆಗಳು ನಿನ್ನನ್ನು ಮೆಲ್ಲಗೆ ತೂಗಲಿ. ದೇವರು ನಿನ್ನ ಹೆಲ್ಮೆಟ್ಟಿನ ಮೇಲೊಂದು ಕೈ ಇಟ್ಟಿರಲಿ.

ನಿನ್ನ ಅಮ್ಮ,
ಆರ್ಲೀನ್

ಇನ್ನೊಂದು ಮಾತು: ಈಗಷ್ಟೇ ನಿಮ್ಮಪ್ಪ ಹಾಯ್ಟ್‌ಗೆ ಫೋನಿನಲ್ಲಿ, "ನಾನಂತೂ ತಯಾರಿದ್ದೆ ಕಣಯ್ಯಾ, ಆ ರಾಕ್ಷಸಿ ಬಿಡಲಿಲ್ಲ" ಅನ್ನುತ್ತಿದ್ದರು. ಫೋನಿಟ್ಟು ಉಸ್ಸಪ್ಪಾ ಎಂದು ಕೂತರು. ಮಂಗಳವಾರದಿಂದ ಊಟ ಸೇರದಿದ್ದವರು ಎರಡು ಬಟ್ಟಲು ಚಿಲಿ ಮಾಂಸದ ಸಾರು ಬಾರಿಸಿದರು! ಆದ್ದರಿಂದ ಮುಂದಿನ ಸಲ ಫೋನ್ ಮಾಡಿದಾಗ ಅಪ್ಪಿತಪ್ಪಿಯೂ ನನ್ನ ಪರ ಮಾತಾಡಬೇಡ. ಸ್ಪೀಕರ್ ಹಾಕಿರುತ್ತಾರೆ, ಹಾಯ್ಟೂ ಇರುತ್ತಾನೆ. "ಅಮ್ಮಾ, ಅಪ್ಪನ ಅದೃಷ್ಟಕ್ಕೆ ಕಲ್ಲು ಹಾಕಿಬಿಟ್ಟೆ!" ಅಂತ ಜೋರಾಗಿ ಬಯ್ಯಿ. ನಾನು ಅಳುತ್ತೇನೆ. ಬಲು ಸೊಗಸಾಗಿ ಅಳುತ್ತೇನೆ.