ಬ್ಯಾಂಜೊಗೆ ಇಟ್ಟ ಕುಂಕುಮ

ಪ್ರೀತಿಯ ಅಮ್ಮ,

ಇವತ್ತು ಸರಸ್ವತಿ ಪೂಜೆಗೆ ಕೂತಾಗ ನಿನ್ನ ಕೈ ನೆನಪಾಯಿತು. ವೀಣೆಯ ಕೊಡಕ್ಕೆ ಗಂಧ, ಅದರ ಮೇಲೆ ಕುಂಕುಮ ಇಡುತ್ತಿದ್ದೆಯಲ್ಲ, ನಾನೂ ಹಾಗೇ ಇಟ್ಟೆ. ಆದರೆ ಬ್ಯಾಂಜೊಗೆ. ನೀನು ಹೋದ ಮೇಲೆ ನನಗೆ ವೀಣೆ ಮುಟ್ಟಲಾಗಲಿಲ್ಲ. ಇಲ್ಲಿ ಅಮೆರಿಕದ ಡರ್ಹಮ್‌ನಲ್ಲಿ ಪಕ್ಕದ ಮನೆಯ ವಿಲಿಸ್ ಅಂಕಲ್ ಇದನ್ನು ಕಲಿಸಿದರು. ವೀಣೆಯದು ಮರ, ಇದರ ಮುಖಕ್ಕೆ ಬಿಗಿದಿರುವುದು ಚರ್ಮ ಅನ್ನುವುದು ನನ್ನ ತಲೆಗೇ ಹೋಗಲಿಲ್ಲ. ಮಂಗಳಾರತಿ ಮುಗಿಯುವಷ್ಟರಲ್ಲಿ ಕುಂಕುಮ ಒಳಗಿಳಿದಿತ್ತು. ಒರೆಸಿದಷ್ಟೂ ಹರಡಿತು. ಅದು ನನ್ನದೂ ಅಲ್ಲ ಅಮ್ಮ, ಅಂಕಲ್ ಅವರ ಅಜ್ಜಿಯದು! ನಾಳೆ ಅವರ ಬಂಧುಬಳಗವೆಲ್ಲ ಸೇರುತ್ತದೆ. ಅಂಕಲ್ ಬೆರಳುಗಳು ಈಗ ಮಡಚುವುದಿಲ್ಲ. ಅಜ್ಜಿಯ ಹಾಡನ್ನು ನಾನೇ ನುಡಿಸಬೇಕಂತೆ, ಅದಕ್ಕೇ ಇದನ್ನು ನನ್ನ ಕೈಗೆ ಕೊಟ್ಟಿದ್ದರು.

ಮೊದಲ ಪಾಠದ ದಿನ, ವೀಣೆಯಲ್ಲಿ ತಾಳದ ತಂತಿ ಮೀಟಿದ ಅಭ್ಯಾಸಕ್ಕೆ ನನ್ನ ಕಿರುಬೆರಳು ತಾನಾಗಿ ಎದ್ದು ಬರೀ ಗಾಳಿಯನ್ನು ಮೀಟುತ್ತಿತ್ತು. "ನಮ್ಮಲ್ಲಿ ಆ ಕೆಲಸ ಹೆಬ್ಬೆರಳಿನದು. ಅದನ್ನು ಮಲಗಿಸು" ಎಂದು ಅಂಕಲ್ ನಕ್ಕರು. ಆದರೆ ತೋರುಬೆರಳಿನಿಂದ ಕೆಳಕ್ಕೆ ಹೊಡೆಯುವ ನನ್ನ ಮೀಟು ನೋಡಿ ಇನ್ನೊಮ್ಮೆ ನುಡಿಸಲು ಹೇಳಿದರು. ಅವರ ಅಜ್ಜಿಯದೂ ಅದೇ ಹೊಡೆತವಂತೆ. ಆಮೇಲಿನವರು ಬೆರಳುಗಳಿಂದ ಮೇಲಕ್ಕೆ ಎಳೆದು ಮೀಟತೊಡಗಿದರಂತೆ. ಬ್ಲೂಸ್ ಎಂಬ ಇವರ ನೋವಿನ ಹಾಡುಗಳನ್ನು ಹಾಡುವವರೋ, ಅದರಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಬೇಕಾದಂತೆ ಎಳೆಯಬಹುದು ಎಂದು ಗಿಟಾರ್ ಹಿಡಿದರಂತೆ.

ನಮ್ಮ ವೀಣೆಯ ಬುರುಡೆಯಂತೆ ಬ್ಯಾಂಜೊ ಕೂಡ ಸೋರೆಬುರುಡೆಯಿಂದಲೇ ಹುಟ್ಟಿದ್ದು, ಗೊತ್ತಾ ಅಮ್ಮ? ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನ, ಅಂಕಲ್ ಅವರ ಪೂರ್ವಿಕರು, ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡದ್ದು. ಆಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಇದನ್ನೇ ಹಿಡಿದು ರಂಗದ ಮೇಲೆ ಇವರನ್ನೇ ಅಣಕಿಸಿದರು. ಅದಕ್ಕೇ ಅಂಕಲ್ ಮಗಳು ಡೋರಿಸ್‌ಗೆ ಬ್ಯಾಂಜೊ ಕಂಡರಾಗದು. ಅಂಥವರ ಮುಂದೆ ನಾನು ಕುಂಕುಮ ಮೆತ್ತಿದ ಬ್ಯಾಂಜೊ ಹಿಡಿದು ಕೂತರೆ, ಇವಳೂ ಅಣಕಿಸುತ್ತಿದ್ದಾಳೆ ಅಂದುಕೊಂಡರೆ...

ಅಂಕಲ್‌ಗೆ ಫೋನ್ ಮಾಡಿದರೆ ಆನ್ಸರಿಂಗ್ ಮಷೀನ್. ಏನೆಂದು ಹೇಳಲಿ? ಇಟ್ಟುಬಿಟ್ಟೆ. "ಹೊಸ ಸ್ಕಿನ್ ಹಾಕ್ಸಿ ಕೊಟ್ರಾಯ್ತು ಬಿಡೇ, ಯಾಕಿಷ್ಟು ಟೆನ್ಷನ್ ಮಾಡ್ಕೋತೀಯ?" ಅಂದರು ನಿನ್ನ ಅಳಿಯ. ಅಜ್ಜಿ ನುಡಿಸಿದ ಚರ್ಮವನ್ನು ಯಾವ ಅಂಗಡಿಯಿಂದ ತರಲಿ?

ಸಂಜೆ ಬ್ಯಾಂಜೊ ಹಿಡಿದು ನಾನೇ ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಡೋರಿಸ್. "ಇದೇನು, ರಕ್ತವಾ?" ಅಂದಳು. ಅಲ್ಲ, ಕುಂಕುಮ ಅಂದೆ. ವರ್ಷಕ್ಕೊಮ್ಮೆ ನಾವು ವಾದ್ಯಕ್ಕೆ ಪೂಜೆ ಮಾಡುತ್ತೇವೆ, ಅಡ್ಡಬಿದ್ದು ನಮಸ್ಕರಿಸುತ್ತೇವೆ ಎಂದು ತಡವರಿಸಿದೆ.

"ಇದಕ್ಕಾ? ಇದಕ್ಕೆ ನಮಸ್ಕಾರ ಮಾಡಿದೆಯಾ?"

ಹೌದೆಂದೆ. ಅಂಕಲ್ ಒಂದು ಬಟ್ಟೆ ತಂದರು. ಡೋರಿಸ್ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. "ಒರೆಸಬೇಡಿ ಅಪ್ಪ. ಇದಕ್ಕೂ ಕೈಮುಗಿದವರಿದ್ದಾರೆ ಅಂತ ನಾಳೆ ಎಲ್ಲರೂ ನೋಡಲಿ."

ಈಗ ಭಯ ಇನ್ನೂ ಜಾಸ್ತಿಯಾಗಿದೆ. ಇಷ್ಟು ವರ್ಷ ಅದರ ಸದ್ದೇ ಬೇಡ ಅಂದವಳು ನಾಳೆ ನನ್ನ ಎದುರಿಗೇ ಕೂರುತ್ತಾಳಂತೆ. ಗಂಧದ ತೇವಕ್ಕೆ ಚರ್ಮ ಸಡಿಲವಾಗಿ ನಾದ ಬೇರೆ ಇಳಿದಿದೆ. ಕಿರುಬೆರಳನ್ನು ಮಡಚಿಕೊಂಡೇ ನುಡಿಸುತ್ತೇನೆ, ಅಮ್ಮ. ಮರೆತು ಅದು ಎದ್ದುಬಿಟ್ಟರೆ, ಚಿಕ್ಕಂದಿನಲ್ಲಿ ನನ್ನ ಪಕ್ಕ ಕೂತು ಹಿಡಿದುಕೊಳ್ಳುತ್ತಿದ್ದೆಯಲ್ಲ, ಹಾಗೆ ಒಂದೇ ಒಂದು ಸಲ ಬಂದು ಹಿಡಿದುಕೋ.

ನಿನ್ನ
ಸುಮ